ಖಾಲಿ ಬೋಟು, ಗಿಡ್ಡ ಸೇತುವೆ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ನಿರುಪಾದಜ್ಜ ಎಂಬ ಗುರು. ಅಜ್ಜನಿಗೆ ಶಿಷ್ಯರು ಅನೇಕರಿದ್ದರು, ತಲೆನೋವು ಮಾತ್ರ ಒಂದೇ ಇತ್ತು. ಅದರ ಹೆಸರು ಅಡಿವೆಯ್ಯ.

ಅಡಿವೆಯ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅಜ್ಜ ಎಂದೋ ಕೈ ಮುಗಿದು ಕಳಿಸಿಬಿಡುತ್ತಿದ್ದರು. ದುಡಿಯುವವನು, ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬನೇ ನಿಂತು ಉಣ್ಣುವವನು. ಹಾಗೆ ನಿಂತು ಉಣ್ಣುವುದಕ್ಕೆ ಅವನು ಆರಿಸಿಕೊಂಡಿದ್ದು ಮಾತ್ರ ಎಲ್ಲರಿಗೂ ಕಾಣುವ ಜಾಗ.

ಯಾರಾದರೂ ಅವನಿಗೆ ಇನ್ನೊಂದಿಷ್ಟು ಬಡಿಸಲು ಬಂದರೆ, "ನಂದೇನ್ ಬಿಡ್ರಿ, ಮೊದಲ ಉಳದವರಿಗೆ ಹಾಕ್ರಿ" ಎಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಅಜ್ಜ ಹಣೆ ಉಜ್ಜಿಕೊಳ್ಳುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಮಠದ ಸೌಟು. ಬಂದವರಿಗೆಲ್ಲ ಊಟ ಹಾಕುವ ದಾಸೋಹದ ಹೊಣೆ ಯಾರದೋ, ಅವರ ಕೈಗೆ ಗುರು ಒಂದು ಹಳೆಯ ಹಿತ್ತಾಳೆ ಸೌಟು ಕೊಡುವುದು ಅಲ್ಲಿಯ ಪದ್ಧತಿ. ಸೌಟು ಹಿಡಿದಿದ್ದ ಹಿರಿಯರು ತೀರಿಕೊಂಡ ಮೇಲೆ ಅದು ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಅಡಿವೆಯ್ಯ ಅದನ್ನು ದಿನವೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಗೂಟಕ್ಕೇ ಹಾಕುತ್ತಿದ್ದ.

ಆ ವರ್ಷ ಹೊಳೆಗೆ ನೆರೆ ಬಂತು. ನೆರೆ ಇಳಿಯಿತು, ಆದರೆ ಮೇಲ್ಗಡೆಯ ಗಡ್ಡಿಹಾಳ ಎಂಬ ಹಳ್ಳಿಗೆ ಹೋಗುವ ರಸ್ತೆ ಉಳಿಯಲಿಲ್ಲ. ಅಲ್ಲಿಯ ಜೋಳವೆಲ್ಲ ನೀರು ಕುಡಿದು ಕೊಳೆತಿತ್ತು.

"ಜ್ವಾಳ ಮುಟ್ಟಿಸಿ ಬರೂಣು" ಎಂದರು ಅಜ್ಜ. "ನಾನೂ ಬರ್ತೀನಿ. ಸಂಜಿ ಪಂಗ್ತಿಗೆ ತಿರುಗಿ ಇಲ್ಲಿ ಇರಬೇಕು. ಬಂದ ಮ್ಯಾಲ ಸೌಟಿನ ಮಾತು ಮುಗಸ್ತೀನಿ."

ಅಡಿವೆಯ್ಯನ ಮುಖ ಅರಳಿತು.

ಸಂಜೆಯ ಪಂಕ್ತಿ ತಪ್ಪಿಸುವಂತಿರಲಿಲ್ಲ. ಅಜ್ಜ ಬಂದು ಕೂರದೆ ಆ ಮಠದಲ್ಲಿ ಯಾರ ತಾಟಿಗೂ ಅನ್ನ ಬೀಳುತ್ತಿರಲಿಲ್ಲ. ನೆರೆಯಲ್ಲಿ ಮನೆ ಬಿದ್ದವರು ಮಕ್ಕಳು ಮರಿ ಕಟ್ಟಿಕೊಂಡು ಮಠದ ಅಂಗಳದಲ್ಲೇ ಇದ್ದರು.

ಅಡಿವೆಯ್ಯ ಖಾಜೇಸಾಬನ ಹತ್ತಿರ ಒಂದು ಬೋಟು ಬಾಡಿಗೆಗೆ ಹಿಡಿದ. ಹಿನ್ನೀರು ನೋಡಲು ಬರುವವರನ್ನು ಸುತ್ತಾಡಿಸುವ ಬೋಟು ಅದು. ಮೇಲೆ ಬೆಸುಗೆ ಹಾಕಿದ ತಗಡಿನ ಚಾವಣಿ, ಮುಂದೆ ತೆರೆದ ಜಾಗದಲ್ಲಿ ಸ್ಟೇರಿಂಗು.

"ನಡಸಾಕ ನನ್ನ ಹುಡುಗನ್ನ ಕಳಸ್ತೀನ್ರಿ" ಎಂದ ಖಾಜೇಸಾಬ.

"ಬ್ಯಾಡ. ಗುರುಗಳ ಸೇವಾ ನಾನ ಮಾಡಬೇಕು. ನನಗ ನಡಸಾಕ ಬರ್ತೈತಿ."

ಬರುತ್ತಿದ್ದದ್ದು ಟ್ರ್ಯಾಕ್ಟರು. ಇರಲಿ.

ಖಾಜೇಸಾಬ ಅರ್ಧ ಮುಂಜಾನೆ ಅವನನ್ನು ಹೊಳೆಯಲ್ಲಿ ಸುತ್ತಿಸಿ ಕಲಿಸಿದ. ಕೊನೆಗೆ ಹೇಳಿದ: "ದಾರ‍್ಯಾಗ ಹಳೇ ಬ್ರಿಜ್ಜು ಐತ್ರಿ, ಭಾಳ ಗಿಡ್ಡ. ದೂರದಾಗ ಕಂಡಕೂಡ್ಲೇ ನಿಧಾನ ಮಾಡ್ರಿ. ನಡುವಿನ ಕಣ್ಣಾಗ, ಕಂಬಕ್ಕ ತಾಗದಂಗ ನೆಟ್ಟಗ ಹೋಗ್ರಿ. ಎಲ್ಲಾರೂ ಕುಂತಿರಬೇಕು, ಕೈ ಹೊರಗ ಚಾಚಬಾರದು. ಮತ್ತ ಬರೂ ಮುಂದ…"

"ಹೋದ ದಾರೀಲೇ ಬರ್ತೀವಿ. ಅದರಾಗ ಏನೈತಿ ಹೇಳೂದು?" ಎಂದು ಅಡಿವೆಯ್ಯ ಬೀಗದ ಕೈ ಕಸಿದುಕೊಂಡ.

ಖಾಜೇಸಾಬ ಅಜ್ಜನ ಮುಖ ನೋಡಿದ. ಅಜ್ಜ ಆಕಾಶ ನೋಡಿದರು.

ಜೋಳದ ಚೀಲಗಳನ್ನು ಒಟ್ಟಿದರು. ಬೋಟು ನೀರಿಗೆ ಜಗ್ಗಿ ಕೂತಿತು. ಬೋಟಿನ ಅಂಚಿನಿಂದ ಕೈ ಇಳಿಬಿಟ್ಟರೆ ಹೊಳೆ ತಾಗುತ್ತಿತ್ತು.

ಸೇತುವೆ ಬಂತು. ನಿಜಕ್ಕೂ ಗಿಡ್ಡ. ಅಜ್ಜ ಚೀಲಗಳ ನಡುವೆ ಮುದುಡಿ ಕೂತರು. ಅಡಿವೆಯ್ಯ ಮಾತ್ರ ಸ್ಟೇರಿಂಗಿನ ಮುಂದೆ ಕಂಬದಂತೆ ನಿಂತೇ ಇದ್ದ.

"ಕುಂದ್ರೋ!"

"ನಿಮ್ಮ ಮುಂದ ನಾ ಹೆಂಗ ಕುಂದರ್ಲ್ರೀ ಅಜ್ಜಾರ? ಇಷ್ಟು ವರ್ಷದಾಗ ಒಂದ ದಿನ ಕುಂತಿಲ್ಲ."

"ತಲಿ ಹೋದ ಮ್ಯಾಲ ನಿಂತ ಏನ್ ಮಾಡ್ತೀಯೋ!"

ಅಜ್ಜ ಅವನ ಧೋತರದ ಚುಂಗು ಹಿಡಿದು ಜಗ್ಗಿದರು. ಅಡಿವೆಯ್ಯ ಧೊಪ್ಪನೆ ಕೂತ. ಅವನ ನೆತ್ತಿ ಇದ್ದ ಜಾಗದಲ್ಲಿ ಸೇತುವೆಯ ಕಲ್ಲು ಹಾದುಹೋಯಿತು.

ಚಾವಣಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ ಇತ್ತು. ಬೋಟು ಆ ಕಡೆ ಹೊರಟಿತು. ಮುದುಡಿ ಕೂತ ಅಜ್ಜನಿಗೆ ಸೇತುವೆಯ ಕಂಬದ ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಹಸಿರು ರಬ್ಬರ್ ಚಪ್ಪಲಿ ಕಂಡಿತು. ನೆರೆ ಯಾರ ಕಾಲಿನಿಂದ ಕಿತ್ತು ತಂದಿತ್ತೋ. ಅದರ ಹಿಮ್ಮಡಿ ನೀರಿಗೆ ತಾಗಿಯೂ ತಾಗದಂತೆ ಇತ್ತು.

"ನೋಡಿದ್ರೇನ್ರಿ ಅಜ್ಜಾರ, ಹೆಂಗ ದಾಟಿಸಿದೆ!" ಎಂದ ಅಡಿವೆಯ್ಯ.

ಅಜ್ಜ ಇನ್ನೂ ಹಿಡಿದೇ ಇದ್ದ ಧೋತರದ ಚುಂಗು ಬಿಟ್ಟರು.

ಗಡ್ಡಿಹಾಳದ ಜನ ದಂಡೆಗೆ ಬಂದು ನಿಂತಿದ್ದರು. ಅಡಿವೆಯ್ಯ ಅವರನ್ನು ಸಾಲು ಹಚ್ಚಿದ. ಒಬ್ಬೊಬ್ಬರಿಗೆ ಜೋಳ ಕೊಡುವ ಮುಂಚೆ ಮಠದ ಮಹಿಮೆ ಹೇಳಿದ, ದಾನದ ಮಹಿಮೆ ಹೇಳಿದ, ಕೊನೆಗೆ ನೆಲಕ್ಕೆ ಬಿದ್ದ ಕಾಳು ಆರಿಸಿಕೊಳ್ಳಿ ಎಂದೂ ಹೇಳಿದ. ಬಿಸಿಲಿನಲ್ಲಿ ನಿಂತವರು ಕೇಳಿದರು. ಬೇರೆ ದಾರಿ ಇರಲಿಲ್ಲ ಪಾಪ.

ಜೋಳವೆಲ್ಲ ಇಳಿದ ಮೇಲೆ ಹುಲಿಗೆವ್ವ ಎಂಬ ಮುದುಕಿ ಒಂದು ದೊಡ್ಡ ಕುಂಬಳಕಾಯಿ ಹೊತ್ತು ಬಂದಳು. ಊರಿನಲ್ಲಿ ಉಳಿದ ಬೆಳೆ ಅಂದರೆ ಅದೊಂದೇ. ಬಳ್ಳಿ ಮನೆಗಳ ಮಾಡಿನ ಮೇಲೆ ಹಬ್ಬಿದ್ದರಿಂದ ನೆರೆಗೆ ಎಟುಕಿರಲಿಲ್ಲ.

"ಬೋಟಿನ್ಯಾಗ ಇಡ್ತೀನ್ರಿ" ಎಂದಳು. "ಹಿಂದಿಂದ ಎಲ್ಲಾರೂ ತರಾಕತ್ಯಾರ."

"ಏ, ಬ್ಯಾಡವ್ವ, ಬ್ಯಾಡ!" ಅಡಿವೆಯ್ಯ ಅಂಗೈ ಅಡ್ಡ ಹಿಡಿದ.

"ಹಂಗಂದ್ರ ಹೆಂಗ್ರಿ? ಒಬ್ಬರ ಮನಿ ಬೋಗಣಿ ತಿರುಗಿ ಕೊಡೂ ಮುಂದ ಖಾಲಿ ಕೊಡ್ತೀವೇನ್ರಿ? ಒಂದ್ ಹಿಡಿ ಸಕ್ಕರಿ ಆದ್ರೂ ಹಾಕಿ ಕೊಡ್ತೀವಿ. ಇಷ್ಟು ದೊಡ್ಡ ಬೋಟು ಖಾಲಿ ಹೆಂಗ ಕಳಸೂದು?"

"ಮಠ ಕೊಡ್ತೈತಿ, ತಗೊಳ್ಳೂದಿಲ್ಲ. ನೆರಿ ಬಂದವರ ಹತ್ರ ತಗೊಂಡ್ರ ನಮ್ಮ ಪುಣ್ಯ ಏನಾತು?"

ಹುಲಿಗೆವ್ವ ಕುಂಬಳಕಾಯಿಯನ್ನು ಸೊಂಟಕ್ಕೆ ಇಟ್ಟುಕೊಂಡು ಅಲ್ಲೇ ನಿಂತಳು. ಅವಳ ಹಿಂದೆ ಬರುತ್ತಿದ್ದವರು ಒಬ್ಬೊಬ್ಬರೇ ತಮ್ಮ ಕಾಯಿಗಳನ್ನು ನೆಲಕ್ಕೆ ಇಳಿಸಿದರು. ಆಗಷ್ಟೇ ನಗುತ್ತಿದ್ದ ಮುಖಗಳು ಬಾಡಿದವು.

"ಅಡಿವೆಯ್ಯಾ, ತಗೋಳೋ" ಎಂದರು ಅಜ್ಜ.

"ನೀವ ಸುಮ್ನ ಕುಂದರ್ರಿ ಅಜ್ಜಾರ. ಇದು ದಾಸೋಹದ ವಿಚಾರ. ನಾ ನೋಡ್ಕೋತೀನಿ."

ಸೌಟು ಇನ್ನೂ ಗೂಟದಲ್ಲೇ ಇತ್ತು, ಇವನ ಕೈ ಆಗಲೇ ಹಿಡಿದಾಗಿತ್ತು. ಅಜ್ಜ ಹಣೆ ಉಜ್ಜಿಕೊಂಡು ಸುಮ್ಮನೆ ಕೂತರು.

ಖಾಲಿ ಬೋಟು ಚಂಗನೆ ಹೊರಟಿತು.

"ಎಷ್ಟು ಹಗುರ ಅನಸ್ತೈತ್ರಿ ಕೊಟ್ಟ ಮ್ಯಾಲ!" ಎಂದ ಅಡಿವೆಯ್ಯ.

"ಹ್ಞೂಂ" ಎಂದರು ಅಜ್ಜ.

ಸೇತುವೆ ಕಂಡಿತು. ಅಡಿವೆಯ್ಯ ನಿಧಾನ ಮಾಡಿದ. ನಡುವಿನ ಕಣ್ಣಿಗೆ ನೆಟ್ಟಗೆ ಹಿಡಿದ. ಈ ಸಲ ಹೇಳಿಸಿಕೊಳ್ಳದೆ ತಲೆಯನ್ನೂ ಬಗ್ಗಿಸಿದ. ಖಾಜೇಸಾಬ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ.

ಧಡಾರ್ ಎಂದಿತು.

ಚಾವಣಿಯ ಮುಂದಿನ ಅಂಚು ಕಲ್ಲಿಗೆ ಬಡಿದು ಸೊಟ್ಟಗಾಯಿತು. ಅಜ್ಜ ಕೂತ ಬೆಂಚಿನಿಂದ ಕೆಳಗೆ ಜಾರಿದರು.

"ನೀರು ಏರೇತ್ರಿ!" ಎಂದು ಕೂಗಿದ ಅಡಿವೆಯ್ಯ. "ಮ್ಯಾಲಿನ ಡ್ಯಾಮಿನವರು ನೀರು ಬಿಟ್ಟಾರ. ಹೇಳದ ಕೇಳದ ಬಿಡ್ತಾರ, ಹೊಣಿಗೇಡಿಗಳು!"

"ಆ ಚಪ್ಪಲಿ ನೋಡು."

"ಯಾವ ಚಪ್ಪಲಿ?"

"ಕಂಬದಾಗಿಂದು. ಹಸರಂದು. ಮುಂಜಾನಿ ಹಿಮ್ಮಡಿ ನೀರಿಗೆ ತಾಗಿತ್ತು. ಈಗ?"

ಅಡಿವೆಯ್ಯ ನೋಡಿದ. ಹಿಮ್ಮಡಿ ಈಗಲೂ ಅಲ್ಲೇ, ನೀರಿಗೆ ತಾಗಿಯೂ ತಾಗದಂತೆ ಇತ್ತು.

"ನೀರು ಅಲ್ಲೇ ಐತಿ. ಏರಿದಾವ್ರು ನಾವು."

ಅಡಿವೆಯ್ಯ ಸ್ವಲ್ಪ ಹೊತ್ತು ಯೋಚಿಸಿದ. ಅವನು ಯೋಚಿಸಿದಾಗಲೆಲ್ಲ ಏನಾದರೊಂದು ಅನಾಹುತ ಆಗುವುದು ಇಡೀ ಮಠಕ್ಕೆ ಗೊತ್ತಿತ್ತು.

"ಹಂಗಾರ ಇನ್ನಷ್ಟು ಹಗುರ ಆಗೂಣ್ರಿ!" ಎಂದ.

ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಲಂಗರು ಎತ್ತಿ ಕಂಬದ ಬುಡದ ಕಟ್ಟೆಯ ಮೇಲೆ ಇಟ್ಟ. ಡೀಸೆಲ್ ಡಬ್ಬಿ ಇಟ್ಟ. ಹಗ್ಗದ ಸುರುಳಿ ಇಟ್ಟ. ಆಮೇಲೆ ಅಜ್ಜನ ರಟ್ಟೆ ಹಿಡಿದು ಅವರನ್ನೂ ಕಟ್ಟೆಯ ಮೇಲೆ ಇಳಿಸಿದ.

ಬೋಟು ಇನ್ನಷ್ಟು ಮೇಲೆದ್ದು ಸೊಟ್ಟ ಚಾವಣಿಯನ್ನು ಸೇತುವೆಯ ಹೊಟ್ಟೆಗೆ ಒತ್ತಿ ಕಚ್ಚಿಕೊಂಡಿತು. ಹಿಂದಿನಿಂದ ಹೊಳೆ ಬೇರೆ ನೂಕುತ್ತಿತ್ತು. ಈಗ ಅದು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಹೊಳೆಯ ನಟ್ಟನಡುವೆ, ಕಟ್ಟೆಯ ಮೇಲೆ, ಡೀಸೆಲ್ ಡಬ್ಬಿಯ ಪಕ್ಕದಲ್ಲಿ ಕೋಲು ಹಿಡಿದು ಕೂತ ಅಜ್ಜ ಕಣ್ಣು ಮುಚ್ಚಿದರು. ನೋಡಿದವರು ಧ್ಯಾನ ಅನ್ನಬೇಕು. ಅದು ಸಿಟ್ಟು ನುಂಗುವುದು.

"ಯಾಕೋ ಹಿಂಗ ಮಾಡಿದಿ?"

"ನೀವ ಹೇಳಿದ್ರಲ್ರೀ ಅಜ್ಜಾರ. ಹಗುರಾದಾಂವ ಪಾರಾಗ್ತಾನ ಅಂತ. ಹೋದ ಸೋಮವಾರ."

"ಅದು ಪ್ರವಚನಾ ಮಾರಾಯಾ! ಇದು ಬ್ರಿಜ್ಜು!"

ಸೇತುವೆಯ ಕೆಳಗಿನ ಪಾರಿವಾಳಗಳು ಪಟಪಟನೆ ಎದ್ದು ಹಾರಿದವು.

ಅಡಿವೆಯ್ಯನ ಕಣ್ಣು ತುಂಬಿತು. "ಮಠದಾಗ ಕೂಸುಗಳು ಕಾಯಾಕತ್ತಿರ್ತಾವ್ರಿ" ಎಂದ.

"ಅದ ನನಗೂ ಸಂಕಟ."

"ಬೋಟಿನ್ಯಾಗ ಹೊಳಿ ನೀರು ತುಂಬೂಣೇನ್ರಿ? ಭಾರ ಆಗ್ತೈತಿ."

"ತುಂಬು. ಇಂಜಿನ್ ಮುಳುಗ್ಲಿ. ಆಮ್ಯಾಲ ಇಬ್ಬರೂ ಈಸಿ ಹೋಗೂಣು."

ಅಡಿವೆಯ್ಯ ಸುತ್ತ ನೋಡಿದ. ಎರಡೂ ದಂಡೆಗೆ ಬರೀ ಕೆಸರು, ಆಪು ಹುಲ್ಲು. ಎತ್ತಿಡಲು ಒಂದು ಕಲ್ಲೂ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು.

"ಮುಂಜಾನಿ ಹೆಂಗ ದಾಟಿದ್ವಿ?" ಎಂದು ಕೇಳಿದರು ಅಜ್ಜ.

"ನಾ ಜ್ವಾಕೀಲೆ ನಡಸಿದ್ದೆ."

"ಅಲ್ಲ."

"ನಿಮ್ಮ ಆಶೀರ್ವಾದ."

"ಅಲ್ಲೋ!"

"ಮತ್ತೇನ್ರಿ?"

"ಜ್ವಾಳ."

ಅಡಿವೆಯ್ಯ ಬೋಟು ನೋಡಿದ. ಚೀಲಗಳಿದ್ದ ಖಾಲಿ ಜಾಗ ನೋಡಿದ. ಆಮೇಲೆ ಅವನಿಗೆ ಹುಲಿಗೆವ್ವನ ಸೊಂಟದ ಮೇಲಿನ ಕುಂಬಳಕಾಯಿ ನೆನಪಾಯಿತು. ಅವನ ಮುಖ ಇಳಿಯಿತು.

"ಬ್ಯಾರೆ ಏನರ ಮಾಡೂಣ್ರಿ ಅಜ್ಜಾರ."

"ಏನೂ ಇಲ್ಲ."

"ಅವರ ಮುಂದ ಅಷ್ಟೆಲ್ಲಾ ಮಾತಾಡಿ ಬಂದೀನ್ರಿ."

"ಕೇಳೀನಿ. ಬಿಸಲಾಗ ಕುಂತು ಪೂರಾ ಕೇಳೀನಿ."

ಅಜ್ಜ ಮತ್ತೆ ಬೋಟು ಹತ್ತಿದರು. ಲಂಗರು, ಡಬ್ಬಿ, ಹಗ್ಗ ಎಲ್ಲವೂ ಹತ್ತಿದವು. ಬೋಟು ಕಚ್ಚು ಬಿಟ್ಟಿತು. ಅಡಿವೆಯ್ಯ ರಿವರ್ಸ್ ಹಾಕಿ, ತಿರುಗಿಸಿ, ಗಡ್ಡಿಹಾಳದ ಕಡೆ ಹೊರಟ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಎಷ್ಟೋ ದಿನದ ಮೇಲೆ ಅಜ್ಜನ ಕಿವಿಗೆ ಆರಾಮ ಸಿಕ್ಕಿತು.

ದಂಡೆಯಲ್ಲಿ ಹುಲಿಗೆವ್ವ ಇನ್ನೂ ಇದ್ದಳು. ಸೊಟ್ಟಗಾದ ಚಾವಣಿ ನೋಡಿ ಎದ್ದು ಬಂದಳು. ಊರಿನವರೂ ಬಂದರು.

"ಏನಾತ್ರಿ? ಅಜ್ಜಾರಿಗೆ ಪೆಟ್ಟಾತೇನು?"

ಅಡಿವೆಯ್ಯ ಗಂಟಲು ಸರಿಮಾಡಿಕೊಂಡ. "ಅವ್ವಾ, ಮಠವು ತಮ್ಮ ಕಾಣಿಕೆಯನ್ನು ಸ್ವೀಕರಿಸಲು ಮನಸ್ಸು ಮಾಡಿದೆ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಬೋಟಿನೊಳಗಿಂದ ಅಜ್ಜನ ದನಿ ಬಂತು. "ಏ! ನೆಟ್ಟಗ ಕೇಳೋ!"

"ಏನಂದ್ರ, ತಮ್ಮ ಶ್ರದ್ಧೆಯನ್ನು ನೋಡಿ…"

"ಅಡಿವೆಯ್ಯಾ! ಹೊತ್ತು ಮುಳಗತೈತಿ!"

ಅಡಿವೆಯ್ಯ ನಿಂತ. ನೆಲ ನೋಡಿದ. ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿದ, ಮುಂದೆ ತಂದ. ಕೊಡುವಾಗ ಆ ಕೈಗಳಿಗೆ ಇಂಥ ತೊಂದರೆ ಇರಲಿಲ್ಲ.

"ಅವ್ವಾ" ಎಂದ. ದನಿ ಸಣ್ಣದಾಗಿತ್ತು. "ಬೋಟು ಖಾಲಿ ಐತಿ. ಬ್ರಿಜ್ಜಿನ್ಯಾಗ ಹಿಡಿಯವಲ್ದು. ನೀವು ಕೊಟ್ರ ನಾವು ಮನಿ ಮುಟ್ತೀವಿ. ಏನರ ಕೊಡ್ರೆವ್ವ."

ಹುಲಿಗೆವ್ವ ನಗಲಿಲ್ಲ. ಆಗ ಯಾಕೆ ಬೇಡವೆಂದಿರಿ ಎಂದೂ ಕೇಳಲಿಲ್ಲ. "ಇಷ್ಟ ಏನ್ರಿ?" ಎಂದು ಹಿಂದೆ ತಿರುಗಿ ಕೂಗಿದಳು. "ತರ‍್ರೋ, ಬೋಟು ತಿರುಗಿ ಬಂದೈತಿ!"

ಕುಂಬಳಕಾಯಿಗಳು ಬಂದವು. ಹೊತ್ತು ತಂದರು, ಉರುಳಿಸಿ ತಂದರು, ಕಂಬಳಿಯಲ್ಲಿ ಕಟ್ಟಿ ತಂದರು. ಮುಂಜಾನೆ ಸಾಲಿನಲ್ಲಿ ಬಾಯಿಮುಚ್ಚಿ ನಿಂತಿದ್ದ ಜನ ಈಗ ಕೇಕೆ ಹಾಕುತ್ತಿದ್ದರು. ಅಡಿವೆಯ್ಯ ಒಂದೊಂದನ್ನೂ ಎರಡು ಕೈಯಲ್ಲಿ ಇಸಿದುಕೊಂಡು ಇಟ್ಟ. ಬೋಟು ಇಳಿಯಿತು, ಆದರೆ ಮುಂಜಾನೆಯಷ್ಟು ಇಳಿಯಲಿಲ್ಲ.

"ಇನ್ನೂ ಬೇಕ್ರೆವ್ವ" ಎಂದ. ಈ ಸಲ ಸ್ವಲ್ಪ ಸುಲಭವಾಗಿ ಬಂತು ಮಾತು.

"ಕಾಯಿ ತೀರಿದ್ವಲ್ರೀ" ಎಂದಳು ಹುಲಿಗೆವ್ವ. ಒಂದು ಗಳಿಗೆ ಯೋಚಿಸಿದಳು. ಸೀರೆಯ ನೆರಿಗೆ ಎತ್ತಿ ಕಟ್ಟಿ ಬೋಟು ಹತ್ತಿ ಕೂತೇಬಿಟ್ಟಳು. "ನಾವ ಬರ್ತೀವಿ ತಗೋರಿ. ನಾಳಿ ತಿರುಗಿ ತಂದು ಬಿಡ್ರಿ."

ಅವಳ ಹಿಂದೆ ಇನ್ನಷ್ಟು ಜನ ಹತ್ತಿದರು. ದಪ್ಪನೆಯ ಗಂಡಸರನ್ನು ಹುಡುಕಿ ಹುಡುಕಿ ಹತ್ತಿಸಿದರು. ಬೋಟು ಹೊಳೆಗೆ ಜಗ್ಗಿ ಕೂತಿತು.

ಸೇತುವೆ ಬಂತು.

"ಎಲ್ಲಾರೂ ಕುಂದರ್ರಿ! ಕೈ ಒಳಗ!" ಎಂದು ಅಡಿವೆಯ್ಯ ಕೂಗಿದ. ಕೂಗಿ, ತಾನೂ ಕೂತ. ಗುರುವಿನ ಮುಂದೆ, ಹುಲಿಗೆವ್ವನ ಪಕ್ಕದಲ್ಲಿ, ಕುಂಬಳಕಾಯಿಗಳ ನಡುವೆ.

ಸೊಟ್ಟಗಾದ ತಗಡು ಒಮ್ಮೆ ಕರ್ ಎಂದು ಕಲ್ಲಿಗೆ ಉಜ್ಜಿತು. ಹಸಿರು ಚಪ್ಪಲಿ ಪಕ್ಕದಲ್ಲೇ ಹಾದುಹೋಯಿತು. ಬೋಟು ಈ ಕಡೆಯ ಬೆಳಕಿಗೆ ಬಂತು.

ಈ ಸಲ "ನೋಡಿದ್ರೇನ್ರಿ" ಎಂಬ ಮಾತು ಬರಲಿಲ್ಲ.

ಮಠದ ಅಂಗಳದಲ್ಲಿ ತಾಟುಗಳು ಸಾಲಾಗಿ ಕಾಯುತ್ತಿದ್ದವು. ಒಂದು ಕೂಸು ಅತ್ತು ಅತ್ತು ಸುಸ್ತಾಗಿ ತಾಯಿಯ ತೊಡೆಯ ಮೇಲೆ ಮಲಗಿತ್ತು. ಅಜ್ಜ ಕಾಲು ತೊಳೆದು ನೇರ ಒಳಗೆ ಹೋಗಿ ಗೂಟದಿಂದ ಸೌಟು ತೆಗೆದರು.

ಅಡಿವೆಯ್ಯ ಅವರ ಹಿಂದೆಯೇ ಬಂದು ನಿಂತಿದ್ದ. ಕೈ ಒರೆಸಿಕೊಂಡು ಮುಂದೆ ಚಾಚಿದ.

ಅಜ್ಜ ಸೌಟನ್ನು ಹುಲಿಗೆವ್ವನ ಕೈಗೆ ಕೊಟ್ಟರು. "ಇವತ್ತ ನೀ ಬಡಸವ್ವಾ."

ಅಡಿವೆಯ್ಯನ ಕೈಗೆ ಒಂದು ತಾಟು ಕೊಟ್ಟರು.

"ಅಜ್ಜಾರ, ಸೌಟಿನ ಮಾತು ಮುಗಸ್ತೀನಿ ಅಂದಿದ್ರಿ."

"ಮುಗಸ್ತೀನಿ. ಮೊದಲ ಪಂಗ್ತ್ಯಾಗ ಕುಂದ್ರು."

"ನಾ ಹಿಂದಾಗಡೆ ನಿಂತ…"

"ಕುಂದ್ರೋ!"

ಅಡಿವೆಯ್ಯ ಕೂತ. ಆ ಮಠಕ್ಕೆ ಬಂದಂದಿನಿಂದ ಅವನು ಪಂಕ್ತಿಯಲ್ಲಿ ಕೂತದ್ದು ಅದೇ ಮೊದಲು. ಒಂದು ಬದಿಗೆ ಮಲಗಿ ಎದ್ದ ಕೂಸು ಮತ್ತು ಅದರ ತಾಯಿ, ಇನ್ನೊಂದು ಬದಿಗೆ ಅಜ್ಜ. ಎತ್ತರದಿಂದಷ್ಟೇ ನೋಡಿ ಗೊತ್ತಿದ್ದ ಜನ ಈಗ ಅವನ ಭುಜಕ್ಕೆ ಭುಜ ತಾಗುವಂತೆ ಇದ್ದರು.

ಹುಲಿಗೆವ್ವ ಬಗ್ಗಿ ಅವನ ತಾಟಿಗೆ ಅನ್ನ ಹಾಕಿದಳು, ಸಾರು ಹಾಕಿದಳು. "ಇನ್ನೊಂದೀಟು ಹಾಕ್ತೀನ್ರಿ" ಎಂದು ಮತ್ತೆ ಸೌಟು ಎತ್ತಿದಳು.

ಅಡಿವೆಯ್ಯನ ಅಂಗೈ ತಾನೇ ಎದ್ದು ತಾಟಿನ ಮೇಲೆ ಅಡ್ಡ ಹೋಯಿತು.

ಪಕ್ಕದಲ್ಲಿ ಕೂತ ಅಜ್ಜ ಹಣೆ ಉಜ್ಜಿಕೊಂಡರು.

"ಕೈ ತಗಿಯೋ ಮಾರಾಯಾ, ಹಾಕ್ಲಿ. ನಿನ್ನ ಬೋಟು ಇನ್ನೂ ಮ್ಯಾಲೇ ಐತಿ."